ಊರಲ್ಲಿ ಹೆಸರಿಲ್ಲದ ಹಕ್ಕಿ

ಮತ್ತೆ ಯಾರೋ ಕರೆದರು. ಈ ಕಾಗದದ ಮೇಲೆ ಒಂದು ಸಾಲು ಬೀಳುವಷ್ಟರಲ್ಲಿ ಮೂರು ಸಲ ಎದ್ದಿದ್ದೇನೆ. ಮೊದಲು ಹಾಲು ಉಕ್ಕಿತು. ಅದು ಹೋಗಲಿ, ಹಾಲಿಗೆ ತಿಳಿವಳಿಕೆ ಇಲ್ಲ. ಆಮೇಲೆ ಅತ್ತೆಯವರ ಎಲೆಯಡಿಕೆ ಚಂಚಿ ಕಳೆಯಿತು. ಮನೆಯೆಲ್ಲ ಹುಡುಕಿದ ಮೇಲೆ ಅವರ ಸೊಂಟದಲ್ಲೇ ಸಿಕ್ಕಿತು. ಮೂರನೆಯ ಸಲ ಓಣಿಯ ಹೆಂಗಸೊಬ್ಬಳು ಹೆಪ್ಪು ಕೇಳಲು ಬಂದು, ಬಟ್ಟಲು ಕೈಯಲ್ಲಿ ಹಿಡಿದುಕೊಂಡೇ "ಮಗಳು ಮಾತಾಡಿದಳೇನವಾ?" ಎಂದು ಕೇಳಿ ಹೋದಳು. ಹೆಪ್ಪು ಅವಳ ಮನೆಯಲ್ಲೂ ಇತ್ತು. ನನಗೆ ಗೊತ್ತಿದೆ.

ಇಂಥ ಪ್ರಸಂಗಗಳು ನಮ್ಮ ಮನೆಗೆ ದಾರಿ ಕೇಳಿಕೊಂಡು ಬರುತ್ತವೆ. ನಗು ಬಂದಾಗ ನಕ್ಕಿದ್ದೇನೆ. ಉಳಿದದ್ದಕ್ಕೆ ಪುರಸೊತ್ತು ಸಿಗಲಿಲ್ಲ.

ನನ್ನ ತವರು ಸವಣೂರು. ಕೊಟ್ಟದ್ದು ಹಾನಗಲ್ಲಿಗೂ ಅಕ್ಕಿಆಲೂರಿಗೂ ನಡುವಿನ ಒಂದು ಊರಿಗೆ. ಊರಿಗಿಂತ ಊರಿನ ಕೆರೆಯೇ ದೊಡ್ಡದು. ಮನೆಯವರು ಅಕ್ಕಿಆಲೂರಿನ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದಾರೆ. ನಾನು ಹತ್ತನೇತ್ತ, ಅಂದರೆ ಹತ್ತನೇ ಕ್ಲಾಸು, ಪಾಸಾದವಳು ಎಂಬುದನ್ನು ಅತ್ತೆ ಎರಡೇ ಸಂದರ್ಭದಲ್ಲಿ ನೆನೆಸುತ್ತಾರೆ: ಯಾರದಾದರೂ ಕಾಗದ ಓದಿಸಬೇಕಾದಾಗ, ಮತ್ತು ಸಾರಿಗೆ ಉಪ್ಪು ಹೆಚ್ಚಾದಾಗ. ನಮಗೆ ಒಬ್ಬಳೇ ಮಗಳು. ನಾನು ಈಗ ಹೇಳಹೊರಟಿರುವ ಚಳಿಗಾಲದಲ್ಲಿ ಅವಳಿಗೆ ಮೂರು ತುಂಬಿತ್ತು. "ಅವ್ವ" ಎಂದು ಒಂದು ಸಲವೂ ಅಂದಿರಲಿಲ್ಲ. ಅವಳಿಗೆ ಮಾತು ಬರುತ್ತದೋ ಇಲ್ಲವೋ ಎಂಬುದನ್ನು ಬಿಟ್ಟು ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ.

ಗಿಳಿ ಕಚ್ಚಿದ ಪೇರಲ

ಮಾತು ತಡವಾದ ಮಕ್ಕಳಿಗೆ ಗಿಳಿ ಕಚ್ಚಿದ ಹಣ್ಣು ತಿನ್ನಿಸುವುದು ನಮ್ಮ ಕಡೆ ಇದ್ದದ್ದೇ. ಒಂದು ಹಂಗಾಮು ಪೂರ್ತಿ ಪೇರಲ ತಿನ್ನಿಸಿದೆವು. ಸವಣೂರಿನಿಂದ ನನ್ನ ಅವ್ವ ಬುಟ್ಟಿಗಟ್ಟಲೆ ಕಳಿಸಿದಳು. ಅತ್ತೆ ಒಂದೊಂದು ಹಣ್ಣನ್ನೂ ಬೆಳಕಿಗೆ ಹಿಡಿದು, ಗಿಳಿ ಕಚ್ಚಿದ್ದೋ ಅಳಿಲು ಕಚ್ಚಿದ್ದೋ ಎಂದು ನೋಡಿ ಬೇರೆ ಮಾಡುತ್ತಿದ್ದರು. ಗಿಳಿಯದು ಮಗಳಿಗೆ, ಅಳಿಲಿನದು ನನಗೆ.

"ನನಗ್ಯಾಕ ಅಳಿಲಿಂದು ಕೊಡತೀರಿ?" ಎಂದೆ.

"ನಿನಗ ಇದ್ದ ಮಾತ ಸಾಕಾಗೇತಿ" ಎಂದರು.

ಮಗಳಿಗೆ ಮಾತು ಬರಲಿಲ್ಲ. ಭೇದಿ ಬಂತು.

ಆಗ ಹಿರೇಕೆರೂರಿನಿಂದ ಅತ್ತೆಯವರ ಅಕ್ಕ ಬಂದರು. ಮಕ್ಕಳ ಬೇನೆಯ ವಿಷಯದಲ್ಲಿ ಅತ್ತೆಗೆ ಆ ಅಕ್ಕನ ಮಾತೇ ಕೊನೆ. ಅವರು ಕಾಲು ತೊಳೆದುಕೊಳ್ಳುವ ಮೊದಲೇ ತೀರ್ಪು ಕೊಟ್ಟರು.

"ಗಿಳಿದು ಯಾಕ ತಿನಿಸಿದ್ರಿ? ಗಿಳಿ ಕಲಿಸಿದ್ದಷ್ಟ ಆಡತೈತಿ. ತಾನ ಹಾಡೋ ಹಕ್ಕಿ ಕಚ್ಚಿದ್ದು ಬೇಕು. ಅದೂ ಊರಾಗ ಯಾರೂ ಹೆಸರಿಟ್ಟಿರಬಾರದು, ಅಂಥ ಹಕ್ಕಿ."

"ಹೆಸರಿದ್ರ ಏನಾಗತೈತ್ರಿ ದೊಡ್ಡವ್ವಾ?"

"ಹೆಸರಿದ್ದ ಹಕ್ಕಿ ಕಚ್ಚಿದ್ದನ್ನ ಊರ ಮಕ್ಕಳೆಲ್ಲಾ ತಿಂದು ಮುಗಿಸ್ಯಾವು. ಅದರಾಗ ಇನ್ನ ಮಾತು ಎಲ್ಲಿ ಉಳದಿರತೈತಿ?"

ಇದಕ್ಕೆ ಎದುರು ಹೇಳುವಂಥದ್ದನ್ನು ನನಗೆ ಹತ್ತನೇತ್ತದವರೆಗೆ ಯಾರೂ ಕಲಿಸಿರಲಿಲ್ಲ. "ಹೆಸರ ಇಲ್ಲದ ಹಕ್ಕಿನ ಏನಂತ ಕೇಳಿಕೊಂಡು ಹುಡುಕಲ್ರಿ?" ಎಂದು ಕೇಳಿದೆ.

ದೊಡ್ಡವ್ವ ಅತ್ತೆಯ ಕಡೆ ತಿರುಗಿದರು. "ಓದಿದ ಸೊಸಿ ಅಂದಿದ್ದಿಯಲ್ಲಾ?"

ಮೂರು ಬಾಯಿಯ ಊರು

ಚಳಿ ಬಿದ್ದ ಮೇಲೆ ನಮ್ಮ ಕೆರೆಗೆ ಹೊಸ ಹಕ್ಕಿಗಳು ಬರುತ್ತವೆ. ಕೆರೆಯ ಪಡುವಣ ಮಗ್ಗುಲಿಗೆ ಆಳೆತ್ತರದ ಆಪಿನ ಹುಲ್ಲು. ಬಾತು, ಕೊಕ್ಕರೆ ಎಲ್ಲರ ಕಣ್ಣಿಗೂ ಬೀಳುತ್ತವೆ. ಹಾಡುವ ಸಣ್ಣವು ಮಾತ್ರ ಆ ಹುಲ್ಲಿನ ಬುಡದಲ್ಲಿ ಓಡಾಡಿಕೊಂಡಿರುತ್ತವೆ. ದಿನಾ ಬಟ್ಟೆ ಒಗೆಯಲು ಹೋಗುವವಳು ನಾನೇ. ಕೈ ಬಟ್ಟೆಯ ಮೇಲೆ, ಕಣ್ಣು ಹುಲ್ಲಿನ ಮೇಲೆ ಇಟ್ಟೆ. ಆ ಚಳಿಗಾಲ ನಮ್ಮ ಮನೆಯಲ್ಲಿ ಯಾರ ಬಟ್ಟೆಯೂ ಸರಿಯಾಗಿ ಕೊಳೆ ಬಿಡಲಿಲ್ಲ.

ಹೊಸ ಹಕ್ಕಿ ಕಂಡರೆ ಮೂವರನ್ನು ಕೇಳಬೇಕು ಎಂದು ಅತ್ತೆ ನೇಮ ಮಾಡಿದರು: ಅಗಸ, ಮೀನು ಹಿಡಿಯುವವ, ಎಮ್ಮೆ ಕಾಯುವ ಮುದುಕ. ಮೂವರಿಗೂ ಗೊತ್ತಿಲ್ಲದಿದ್ದರೆ ಅದೇ ನಮ್ಮ ಹಕ್ಕಿ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ "ಗೊತ್ತಿಲ್ಲ" ಎನ್ನುವ ಗಂಡಸು ನಮ್ಮ ಊರಲ್ಲಿ ಅಲ್ಲಿಯವರೆಗೆ ಹುಟ್ಟಿರಲಿಲ್ಲ.

ತಲೆಯೆಲ್ಲ ಹಳದಿ, ಬಾಲ ಕುಣಿಸುತ್ತ ಓಡುವ ಒಂದನ್ನು ತೋರಿಸಿದೆ. ಅಗಸ "ಅರಿಶಿಣಗುಬ್ಬಿ" ಎಂದ. ಮೀನಿನವನು "ಬಾಲಬಡಕ" ಎಂದ. ಎಮ್ಮೆಯ ಮುದುಕ ಬಹಳ ಹೊತ್ತು ಆಕಾಶ ನೋಡಿ "ಸೆಗಣಿಕುಣಿಕ" ಎಂದ. ಮೂವರಿಗೂ ಜಗಳ ಹತ್ತಿತು. ಮರುದಿನ ಕೇಳಿದರೆ ಮುದುಕನಿಗೆ ತಾನು ಇಟ್ಟ ಹೆಸರು ನೆನಪಿರಲಿಲ್ಲ, ಬೇರೆಯದನ್ನು ಹೇಳಿದ.

ಅತ್ತೆ ಹಕ್ಕಿಯನ್ನು ಕೈಬಿಟ್ಟರು. "ಮೂರು ಹೆಸರಂದ್ರ ಮೂರು ಸರ್ತಿ ಎಂಜಲಾದಂಗ" ಎಂದರು.

ನನಗೆ ಸಿಟ್ಟು ಬಂತು. ಮೀನಿನವನ ಹತ್ತಿರ ಹೋಗಿ, "ಕಾಕಾ, ನಿನ್ನೆ ಒಂದು ಹಕ್ಕಿ ಕಂಡೆ. ಮೈಯೆಲ್ಲಾ ಹಸರು, ತಲಿ ಕೆಂಪು, ಬಾಲ ಮೂರು. ಏನಂತಾರ ಅದಕ್ಕ?" ಎಂದೆ.

ಅವನು ಬಲೆಯಿಂದ ತಲೆ ಎತ್ತಲಿಲ್ಲ. "ಹೋದ ವರ್ಷ ನಾಲ್ಕು ಬಂದಿದ್ವು ತಂಗಿ. ಈ ವರ್ಷ ಕಡಿಮಿ."

ದುರ್ಬೀನಿನ ಮನುಷ್ಯ

ಒಂದು ಭಾನುವಾರ ಮೊದಲ ಬಸ್ಸಿಗೆ ಒಬ್ಬರು ಇಳಿದರು. ಕೊರಳಲ್ಲಿ ದುರ್ಬೀನು, ಬಗಲಲ್ಲಿ ಚೀಲ, ಕೈಯಲ್ಲಿ ನೋಟುಬುಕ್ಕು. ಕೆರೆ ಏರಿಯ ಮೇಲೆ ನಿಂತು ಈ ಕಡೆ ನೋಡುವುದು, ಬೆರಳು ಮಡಿಚಿ ಎಣಿಸುವುದು, ಬರೆದುಕೊಳ್ಳುವುದು. ಅವರು ಧಾರವಾಡದ ಕಡೆಯ ಕಾಲೇಜು ಮಾಸ್ತರರು, ಹಕ್ಕಿ ಎಣಿಸಲು ಬಂದವರು ಎಂಬುದು ನಮಗೆ ಆಮೇಲೆ ತಿಳಿಯಿತು. ಅವರ ಅಪ್ಪ, ಅಜ್ಜ ಸಂಸ್ಕೃತ ಪಾಠ ಹೇಳಿದವರಂತೆ.

ಆದರೆ ಆಗ ಗಂಡಸರನ್ನು ಜೀಪಿನಲ್ಲಿ ಒಯ್ದು ಮಕ್ಕಳಾಗದ ಹಾಗೆ ಆಪರೇಶನ್ ಮಾಡಿಸಿದ ಗದ್ದಲ ಮುಗಿದು ಎರಡೇ ವರ್ಷ ಆಗಿತ್ತು. ಹೊರಗಿನವನು ನೋಟುಬುಕ್ಕು ಹಿಡಿದು ಎಣಿಸುತ್ತಿದ್ದಾನೆ ಎಂದರೆ ನಮ್ಮ ಊರಿಗೆ ಒಂದೇ ಅರ್ಥ. ಎಮ್ಮೆ ತೊಳೆಯುತ್ತಿದ್ದ ಒಬ್ಬ "ಬಂದ್ರಲೇ!" ಎಂದು ಕೂಗಿದ. ಅಷ್ಟೇ. ಕೆರೆಯ ದಂಡೆಯಲ್ಲಿದ್ದ ಅಷ್ಟೂ ಗಂಡಸರು ಆಪಿನ ಹುಲ್ಲಿಗೆ ನುಗ್ಗಿದರು.

ಹುಲ್ಲಿನ ಒಳಗಿದ್ದ ಹಕ್ಕಿಗಳೆಲ್ಲ ಹೊರಗೆ ಬಂದವು. ಮಾಸ್ತರರು ಏರಿಯ ಮೇಲೆ ಕುಣಿಯುವುದೊಂದು ಬಾಕಿ. "ಭಾಳ ಉಪಕಾರ ಆತ್ರೀ! ಹಂಗ ಒಳಗ ಅಡ್ಡಾಡ್ರಿ, ಇನ್ನೊಮ್ಮೆ ಅಡ್ಡಾಡ್ರಿ!" ಎಂದು ಕೂಗಿದರು. ಒಳಗಿನವರು ಇನ್ನಷ್ಟು ಒಳಗೆ ಹೋದರು.

ಎಮ್ಮೆಯ ಮುದುಕನಿಗೆ ಹುಲ್ಲಿನಲ್ಲಿ ಜಾಗ ಸಿಗಲಿಲ್ಲ. ಕೊರಳಮಟ ನೀರಿನಲ್ಲಿ ಕುಳಿತಿದ್ದ. ಅವನ ಹೆಂಡತಿ ದಂಡೆಯ ಮೇಲೆ ಸೊಂಟಕ್ಕೆ ಕೈಕೊಟ್ಟು ನಿಂತಳು. "ಮ್ಯಾಲ ಬರ್ರಿ. ನಿಮ್ಮನ್ನ ಒಯ್ದು ಅವರರೇ ಏನ್ ಮಾಡ್ಯಾರು?"

ಒಬ್ಬನು ಮಾತ್ರ ಓಡಿರಲಿಲ್ಲ. ಎರಡು ವರ್ಷದ ಹಿಂದೆ ಅವನನ್ನು ಒಯ್ದಾಗ ಅವನಿಗೆ ಮದುವೆಯೇ ಆಗಿರಲಿಲ್ಲ. ಇನ್ನೂ ಆಗಿಲ್ಲ, ಯಾರೂ ಹೆಣ್ಣು ಕೊಡುವುದಿಲ್ಲ. ಅವನು ಏರಿಯ ಮೇಲೆ ಬೀಡಿ ಸೇದುತ್ತ ಕುಳಿತು, ಹುಲ್ಲಿನಲ್ಲಿ ಅಲುಗಾಡುವ ರುಮಾಲುಗಳನ್ನು ನೋಡುತ್ತಿದ್ದ. ಮಾಸ್ತರರು ಹತ್ತಿರ ಬಂದಾಗ ಬೆಂಕಿಪೊಟ್ಟಣ ಕಿಸೆಗೆ ಹಾಕಿಕೊಂಡು ಎದ್ದ.

"ನಂದು ಒಮ್ಮೆ ಬರಕೊಂಡೀರಿ ಸಾಹೇಬ್ರ. ಎರಡೆರಡು ಸಲ ಬರೀಬ್ಯಾಡ್ರಿ."

ಹುಳದ ಹಣ್ಣು

ಆ ಓಡಾಟದಲ್ಲೇ ನನ್ನ ಒಗೆಯುವ ಕಲ್ಲಿನ ಪಕ್ಕಕ್ಕೆ ಇಲಿಯಂತೆ ಓಡಿಬಂದು ನಿಂತದ್ದು ನಮ್ಮ ಹಕ್ಕಿ. ಗುಬ್ಬಿಯಷ್ಟೇ. ಬೆನ್ನು ಕೆಸರಿನ ಬಣ್ಣ. ತಿರುಗಿದಾಗ ನೋಡಿದೆ: ಕೊರಳೆಲ್ಲ ಬಿಳಿ ಬಟ್ಟೆಗೆ ಹಾಕುವ ನೀಲಿಯ ಹಾಗೆ ನೀಲಿ, ನಡುವೆ ಕುಂಕುಮ ಇಟ್ಟಷ್ಟು ಕೆಂಪು. ಬಾಲ ಎತ್ತಿ, ನನ್ನನ್ನು ಒಂದು ಸಲ ನೋಡಿ, ಹುಲ್ಲಿಗೆ ಹೊಕ್ಕಿತು.

ಮುಂದಿನ ಭಾನುವಾರ ಅತ್ತೆಯನ್ನೂ ಕರೆದುಕೊಂಡು ಹೋದೆ. ಮೂವರು ಸಾಕ್ಷಿದಾರರೂ ಬಂದರು. ತಾಸು ಹೊತ್ತು ಕಾದ ಮೇಲೆ ಹಕ್ಕಿ ಹೊರಗೆ ಬಂತು. ಅಗಸ ಕಣ್ಣು ಕಿರಿದು ಮಾಡಿ ನೋಡಿ, "ಇದನ್ನ ನಾ ನೋಡೇ ಇಲ್ರಿ ಅವ್ವಾರ" ಎಂದ. ಮೀನಿನವನೂ ತಲೆ ಆಡಿಸಿದ. ಮುದುಕ ಬಾಯಿ ತೆರೆಯುತ್ತಿದ್ದ, ಅತ್ತೆಯ ಕಣ್ಣು ನೋಡಿ ಮುಚ್ಚಿದ. ಅತ್ತೆ ನನ್ನ ಕೈ ಹಿಡಿದುಕೊಂಡರು. ಮದುವೆಯಾದ ಮೇಲೆ ಮೊದಲ ಸಲ.

ಅಷ್ಟರಲ್ಲಿ, ಆ ಭಾನುವಾರವೂ ಬಂದಿದ್ದ ಮಾಸ್ತರರು ಹಿಂದಿನಿಂದ ಖುಷಿಯಾಗಿ ಅದರ ಇಂಗ್ಲಿಷ್ ಹೆಸರು ಹೇಳಿಬಿಟ್ಟರು.

ಅತ್ತೆ ನೆಲಕ್ಕೆ ಕುಳಿತರು. "ಕೆಡಿಸಿದನಲ್ಲವಾ! ಹೆಸರಿಟ್ಟು ಕೆಡಿಸಿದ!"

"ನಾ ಇಟ್ಟದ್ದಲ್ಲರೀ ಅಮ್ಮಾರ, ಮೊದಲಿಂದ ಅದ ಆ ಹೆಸರು" ಎಂದು ಅವರು ಬೆವರಿದರು. ಅವರಿಗೆ ಎಲ್ಲ ಬಿಡಿಸಿ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. ಹಿರೇಕೆರೂರಿಗೆ, ದೊಡ್ಡವ್ವನಿಗೆ, ಕಾರ್ಡು ಬರೆದು ಕೇಳಿದೆವು. ಎಂಟು ದಿನಕ್ಕೆ ಯಾರ ಕೈಯಿಂದಲೋ ಬರೆಸಿದ ಉತ್ತರ ಬಂತು: "ಇಂಗ್ಲೀಷ ಹೆಸರು ಲೆಕ್ಕಕ್ಕಿಲ್ಲ. ಮುಂದುವರಿಸುವುದು."

ಮುಂದುವರಿಸಿದೆವು. ಹುಲ್ಲಿನ ಬುಡದಲ್ಲಿ ಬಾಳೆಹಣ್ಣು ಇಟ್ಟೆ, ಪಪ್ಪಾಯಿ ಇಟ್ಟೆ. ಹಕ್ಕಿ ತಿರುಗಿಯೂ ನೋಡಲಿಲ್ಲ. "ಅದು ಹಣ್ಣ ಮುಟ್ಟೂದಿಲ್ಲರೀ ತಂಗಿ. ಹುಳಾ ಹುಪ್ಪಡಿ ತಿಂತದ" ಎಂದರು ಮಾಸ್ತರರು.

ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಿದ್ದವರು ತಲೆ ಎತ್ತಲಿಲ್ಲ. "ಅಷ್ಟ ಹೌದಲ್ಲೋ? ಹುಳಾ ಬಿದ್ದ ಪೇರಲ ಇಡು."

ಮಾಸ್ತರರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಅತ್ತೆಯನ್ನು ನೋಡಿದರು. ನಾಲ್ಕನೆಯ ದಿನ ಹಕ್ಕಿ ಬಂದು ಪೇರಲಕ್ಕೆ ಕೊಕ್ಕು ಹಾಕಿ ಹುಳ ಎಳೆಯಿತು.

ಹಣ್ಣು ತೊಳೆದು ಮಗಳಿಗೆ ಕೊಟ್ಟೆವು. ತಿಂದಳು. ಆ ದಿನ ಮನೆಯವರು ಗಿರಣಿಗೆ ಹೋಗಲಿಲ್ಲ. ಓಣಿಯವರೆಲ್ಲ ಬಂದು ಪಡಸಾಲೆಯಲ್ಲಿ ಕುಳಿತರು. ಇಪ್ಪತ್ತು ಜನ ಒಂದು ಕೂಸಿನ ಬಾಯಿ ನೋಡುತ್ತ ಕುಳಿತರೆ ಹೇಗಿರುತ್ತದೆ ಎಂದು ನೋಡಿದವರಿಗೇ ಗೊತ್ತು. ಅವಳು ಒಬ್ಬೊಬ್ಬರ ಮುಖವನ್ನೂ ಸರದಿಯಂತೆ ನೋಡಿದಳು, ತಾನು ಏನು ತಪ್ಪು ಮಾಡಿದೆ ಎನ್ನುವ ಹಾಗೆ. ಮಧ್ಯಾಹ್ನ ದಾಟಿತು. ದೀಪ ಹಚ್ಚುವ ಹೊತ್ತಿಗೆ ಅವಳ ಬಾಯಿಂದ ಒಂದು ಸಪ್ಪಳ ಬಂತು.

ಬಿಕ್ಕಳಿಕೆ. ಅತ್ತೆ ಅದನ್ನು ಐದು ಮನೆಗೆ ಹೋಗಿ ಹೇಳಿಬಂದರು.

ಧೈರ್ಯವಂತೆ

ಇದಾದ ಮೇಲೂ ಮಾಸ್ತರರು ಬರುತ್ತಿದ್ದರು. ಯಾವ ಹಕ್ಕಿ ಎಲ್ಲಿ ಕೂರುತ್ತದೆ ಎಂದು ನಾನು ತೋರಿಸುತ್ತಿದ್ದೆ, ಅವರು ಬರೆದುಕೊಳ್ಳುತ್ತಿದ್ದರು. ಒಂದು ಸಲ ಅವರ ಊಟದ ಡಬ್ಬಿ ಚೀಲದಿಂದ ಜಾರಿತು. ನಾಲ್ಕು ಖಾನೆಯ ಹಿತ್ತಾಳೆ ಡಬ್ಬಿ. ಕಲ್ಲಿನ ಪಾವಟಿಗೆಗಳ ಮೇಲೆ ಒಂದೊಂದಕ್ಕೂ ಬಡಿಯುತ್ತ ಕೆಳಗೆ ಬಂತು. ಹಕ್ಕಿಗಳೆಲ್ಲ ಎದ್ದವು. ಎಮ್ಮೆಗಳು ನೀರಿನಿಂದ ಹೊರಗೆ ಓಡಿದವು. ಅಗಸನ ಕತ್ತೆ ಊರ ಗೌಡರ ಧೋತರದ ಗಂಟಿನ ಸಮೇತ ಕೆರೆಗೆ ಹಾರಿತು.

ಡಬ್ಬಿ ಕೊನೆಗೆ ನಿಂತದ್ದು ನನ್ನ ಮಗಳ ಬೆನ್ನ ಹಿಂದೆ, ಒಂದು ಮೊಳ ದೂರದಲ್ಲಿ. ಅವಳು ಬಸವನಹುಳುವಿನ ಚಿಪ್ಪುಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಜೋಡಿಸುತ್ತಲೇ ಇದ್ದಳು.

ಮಾಸ್ತರರು ಅವಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. "ತಂಗಿ, ಹುಡುಗಿಗೆ ಕೇಳಸ್ತದೇನ್ರೀ?" ಎಂದು ಮೆಲ್ಲಗೆ ಕೇಳಿದರು.

"ಹಟಮಾರಿ ಐತ್ರಿ. ಅವರಪ್ಪನಂಗ" ಎಂದೆ. ನನಗೆ ಎಷ್ಟು ದಿನದಿಂದ ಗೊತ್ತಿತ್ತು ಎಂಬುದನ್ನು ನಾನು ಯಾರಿಗೂ ಹೇಳಿರಲಿಲ್ಲ, ನನಗೂ ಹೇಳಿಕೊಂಡಿರಲಿಲ್ಲ.

ಅಗಸ ಒದ್ದೆ ಕತ್ತೆಯನ್ನು ಎಳೆದುಕೊಂಡು ಮೇಲೆ ಬಂದ. ನನ್ನ ಮಗಳ ತಲೆಯ ಮೇಲೆ ಕೈ ಇಟ್ಟ. "ಇಡೀ ಕೆರಿ ಅಂಜಿ ಓಡಿತು, ಈ ಕೂಸು ಅಲುಗಲಿಲ್ಲ ನೋಡ್ರಿ. ಭಾರಿ ಧೈರ್ಯವಂತಿ ಆಗತಾಳ."

ಪರೀಕ್ಷೆ

ಬಂಕಾಪುರ, ಶಿಗ್ಗಾಂವಿ ದಾಟಿ ಹುಬ್ಬಳ್ಳಿಗೆ ಹೋದೆವು. ಕಿವಿಯ ಡಾಕ್ಟರಿದ್ದರು. ಅತ್ತೆಯೂ ಬಂದಿದ್ದರು, ಬೇಡ ಎಂದರೂ.

ಡಾಕ್ಟರು ಮಗಳನ್ನು ಸ್ಟೂಲಿನ ಮೇಲೆ ಕೂರಿಸಿ, ಅವಳ ಹಿಂದೆ ಹೋಗಿ ಎಡಗಡೆ ಗಂಟೆ ಬಾರಿಸಿದರು. ಮಗಳು ಎಡಕ್ಕೆ ತಿರುಗಿದಳು. ಬಲಗಡೆ ಬಾರಿಸಿದರು. ಬಲಕ್ಕೆ ತಿರುಗಿದಳು. "ಕಿವಿ ಚಲೋ ಅದಾವಲ್ರಿ, ಯಾರು ಅಂದದ್ದು ಕೇಳೂದಿಲ್ಲಂತ?" ಎಂದರು. ಮೂರು ವರ್ಷ ನಾನೇ ತಪ್ಪು ತಿಳಿದಿದ್ದೆ, ನನ್ನ ಬುದ್ಧಿಗೆ ಬೆಂಕಿ ಬೀಳಲಿ ಎಂದುಕೊಂಡೆ.

ಆಗ ಅತ್ತೆಯ ಕೈ ಕಂಡಿತು. ಅವರು ಮಗಳ ಎದುರಿಗೆ ನಿಂತಿದ್ದರು. ಸೆರಗಿನ ಕೆಳಗೆ ಬೆರಳುಗಳ ನಡುವೆ ಒಂದು ಪೇಡೆ. ಗಂಟೆ ಎಡಕ್ಕೆ ಹೋದರೆ ಪೇಡೆ ಎಡಕ್ಕೆ, ಗಂಟೆ ಬಲಕ್ಕೆ ಹೋದರೆ ಪೇಡೆ ಬಲಕ್ಕೆ.

ಸುಮ್ಮನಿದ್ದುಬಿಡಬಹುದಿತ್ತು. ಮಗಳು ಪಾಸಾಗಿದ್ದಳು. ಮನೆಗೆ ಹೋಗಿ ಓಣಿಗೆ ಸಕ್ಕರೆ ಹಂಚಬಹುದಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದೆ ಕೂಡ. ಆಮೇಲೆ, "ಡಾಕ್ಟರ, ಇವರನ್ನ ಹೊರಗ ಕಳಸ್ರಿ" ಎಂದೆ.

ಬಾಗಿಲು ಹಾಕಿ ಗಂಟೆ ಬಾರಿಸಿದರು. ಡೋಲಿನಂಥದ್ದೊಂದನ್ನು ಬಡಿದರು. ಕೊನೆಗೆ ಒಂದು ತಟ್ಟೆಯನ್ನು ನೆಲಕ್ಕೆ ಎಸೆದರು. ಮಗಳು ಬಾಗಿಲನ್ನೇ ನೋಡುತ್ತಿದ್ದಳು. ಪೇಡೆ ಆ ಕಡೆ ಹೋಗಿತ್ತಲ್ಲ.

ಹುಟ್ಟಿದಾಗಿನಿಂದ ಕೇಳಿಸುವುದಿಲ್ಲ, ಮಾತು ಬರುವುದು ಕಷ್ಟ, ಸನ್ನೆಯಲ್ಲಿ ಕಲಿಸಿರಿ ಎಂದು ಡಾಕ್ಟರು ಹೇಳಿದರು. ಹೊರಗೆ ಅತ್ತೆ, "ನೀನ ನಪಾಸು ಮಾಡಿಸಿದಿ" ಎಂದರು. ಶಿಗ್ಗಾಂವಿ ಬರುವತನಕ ಮಗಳನ್ನು ನನ್ನ ತೊಡೆಗೆ ಕೊಡಲಿಲ್ಲ.

ನಾನು ಹತ್ತನೇತ್ತವನ್ನು ಕಾಪಿ ಹೊಡೆಯದೆ ಪಾಸಾದವಳು. ನಮ್ಮ ಮನೆತನದಲ್ಲಿ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರು ಅತ್ತೆಯೊಬ್ಬರೇ. ಅವರು ಒಂದು ದಿನವೂ ಶಾಲೆಗೆ ಹೋದವರಲ್ಲ.

ಅಜ್ಜಿಯ ಗುರುತು

ಸನ್ನೆ ನಾವು ಕಲಿಸಬೇಕಾಗಲಿಲ್ಲ, ಅವಳೇ ನಮಗೆ ಕಲಿಸಿದಳು. ಎರಡು ಅಂಗೈ ತಟ್ಟಿದರೆ ನಾನು, ರೊಟ್ಟಿ ಬಡಿಯುವವಳು. ಹೆಗಲ ಮೇಲಿನ ತೌಡು ಕೊಡವಿದರೆ ಅವಳ ಅಪ್ಪ. ಎರಡು ಮುಷ್ಟಿ ಕಣ್ಣಿಗೆ ಹಿಡಿದರೆ ಮಾಸ್ತರರು. ಬಾಯಿ ಅಗಲಿಸಿ, ಕೊರಳು ಉಬ್ಬಿಸಿ, ತಲೆ ನಡುಗಿಸಿದರೆ ಅಜ್ಜಿ. ಈ ಕೊನೆಯದನ್ನು ನಾನು ಕಲಿಸಿದೆ ಎಂದು ಅತ್ತೆ ಇವತ್ತಿಗೂ ನಂಬಿದ್ದಾರೆ. ಅಂಗೈ ಮೇಲೆ ಮಾಡಿ ತಿರುಗಿಸಿದರೆ "ಏನು?" ಎಂದು ಕೇಳಿದ ಹಾಗೆ.

ಚಳಿ ಹಿಂದೆಗೆಯುವ ಹೊತ್ತಿಗೆ ಆ ನೀಲಿ ಕೊರಳಿನ ಹಕ್ಕಿಗಳು ತಿರುಗಿ ಉತ್ತರಕ್ಕೆ ಹೋಗುತ್ತವಂತೆ. ಹೋಗುವ ಮುಂಚೆ ಕೆಲವು ದಿನ ಹಾಡುತ್ತವಂತೆ. ಮಾಸ್ತರರು ಹೇಳಿ ಕಳಿಸಿದ್ದರು. ಒಂದು ಬೆಳಿಗ್ಗೆ ಅತ್ತೆ, ಮಗಳು, ನಾನು ಮೂವರೂ ಹೋದೆವು. ಹಕ್ಕಿ ಆಪಿನ ತುದಿಗೆ ಬಂದು ಕುಳಿತಿತ್ತು, ಎಲ್ಲರಿಗೂ ಕಾಣುವ ಹಾಗೆ. ನೀಲಿ ಕೊರಳು ಉಬ್ಬಿಸಿ, ಕೊಕ್ಕು ತೆರೆದು ಹಾಡುತ್ತಿತ್ತು. ಬೇರೆ ಹಕ್ಕಿಗಳ ದನಿಯನ್ನೆಲ್ಲ ಅಷ್ಟಷ್ಟು ಕದ್ದು ಸೇರಿಸಿದ ಹಾಗೆ ಇತ್ತು ಅದರ ಹಾಡು.

ಮಾಸ್ತರರು ಮೊಣಕಾಲೂರಿ ಕುಳಿತು ಮಗಳ ಕಣ್ಣಿಗೆ ದುರ್ಬೀನು ಹಿಡಿದರು. ಅವಳು ಉಸಿರು ಬಿಡದೆ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ದುರ್ಬೀನಿನಿಂದ ಮುಖ ತೆಗೆದು ನನ್ನ ಕಡೆ ತಿರುಗಿ, ಬಾಯಿ ಅಗಲಿಸಿ, ಕೊರಳು ಉಬ್ಬಿಸಿ, ತಲೆ ನಡುಗಿಸಿದಳು.

"ಏನಂತೈತಿ ಕೂಸು?" ಎಂದರು ಅತ್ತೆ.

"ಆ ಹಕ್ಕಿ ನೀವಂತ್ರಿ" ಎಂದೆ.

ಮಾಸ್ತರರು ಬೇರೆ ಕಡೆ ಮುಖ ತಿರುಗಿಸಿದರು, ಭುಜ ಕುಣಿಯುತ್ತಿದ್ದವು. ಅತ್ತೆ ಮೊದಲು ಸಿಟ್ಟಾದರು. ಆಮೇಲೆ ಅವರಿಗೂ ತಡೆಯಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಾನೂ ನಕ್ಕೆ.

ಮಗಳು ನಗಲಿಲ್ಲ. ನನ್ನ ಸೀರೆ ಹಿಡಿದು ಜಗ್ಗಿದಳು. ಹಕ್ಕಿಯನ್ನು ತೋರಿಸಿ, ತನ್ನ ಎದೆ ತೋರಿಸಿಕೊಂಡಳು. ತಲೆ ಬಗ್ಗಿಸಿದಳು, ಅಜ್ಜಿ ಬೈಯುವಾಗ ಬಗ್ಗಿಸುವ ಹಾಗೆ. ಅದು ತನಗೆ ಬೈಯುತ್ತಿದೆಯಾ ಎಂದು ಕೇಳುತ್ತಿದ್ದಳು. ಕೊರಳು ಉಬ್ಬಿಸಿ ಬಾಯಿ ತೆರೆಯುವುದಕ್ಕೆ ಬೇರೆ ಕಾರಣ ಅವಳಿಗೆ ಗೊತ್ತಿರಲಿಲ್ಲ.

ಅಲ್ಲ ಎಂದು ಕೈ ಆಡಿಸಿದೆ. ನಿನಗಲ್ಲ, ಯಾರಿಗೂ ಅಲ್ಲ, ಬೈಯುತ್ತಿಲ್ಲ.

ಅವಳಿಗೆ ಸಮಾಧಾನವಾಯಿತು. ಮತ್ತೆ ಹಕ್ಕಿಯ ಕಡೆ ನೋಡಿದಳು. ಅದರ ಕೊರಳು ಇನ್ನೂ ನಡುಗುತ್ತಲೇ ಇತ್ತು, ಕೊಕ್ಕು ತೆರೆದೇ ಇತ್ತು. ನನ್ನ ಕಡೆ ತಿರುಗಿ ಅಂಗೈ ಮೇಲೆ ಮಾಡಿ ತಿರುಗಿಸಿದಳು.

ಹಂಗಾದ್ರ ಏನ್ ಮಾಡಾಕತ್ತೈತಿ?